ಹಾಸಿಗೆ ಇದ್ದಷ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚೋ ಅಂತ
ಅವ್ವ ಹೇಳುತ್ತಿದ್ದದ್ದು ಗಾದೆಯಾಗಿ ಅಲ್ಲ.
ಕಾರ್ಖಾನೆ ಕ್ವಾರ್ಟರ್ಸಿನ ನಡುಮನೆಯಲ್ಲಿ
ನನ್ನ ಹಿಮ್ಮಡಿ ದಿನಾ ರಾತ್ರಿ
ಅಕ್ಕನ ಜಡೆ ತುಳಿಯುತ್ತಿತ್ತು.
ಹದಿನಾಲ್ಕಕ್ಕೇ ಆರಡಿ ಎರಡಂಗುಲ.
ರೇಷನ್ ಅಂಗಡಿ ಮುಂದೆ ಸಾಲಲ್ಲಿ ನಿಂತರೆ
'ಏ ತಿಪ್ಪೇಶ, ಸೀಮೆಎಣ್ಣೆ ಎಷ್ಟುಳಿದೈತೆ ನೋಡಿ ಹೇಳೋ'
ಹಿಂದಿದ್ದವರಿಗೆಲ್ಲ ನಾನೇ ಅಟ್ಟಣಿಗೆ.

ಭದ್ರಾವತಿ ನ್ಯೂಟೌನಿನ ಬಿರುಕು ಬಿಟ್ಟ ಸಿಮೆಂಟು ಕೋರ್ಟು.
ಅದರ ರಿಂಗು ಪೇಟೆಯಿಂದ ಬಂದದ್ದಲ್ಲ,
ಎರಡನೇ ಪಾಳಿಯ ಫಿಟ್ಟರುಗಳು ಕಂಬಿ ಬಗ್ಗಿಸಿ
ಬೆಸುಗೆ ಹಾಕಿ ಕೊಟ್ಟದ್ದು;
ಅಳತೆಗಿಂತ ಮುಕ್ಕಾಲಂಗುಲ ಕಿರಿದು.
ಯಾರಿಗೂ ಗೊತ್ತಿರಲಿಲ್ಲ.
ಚೆಂಡು ಅಂಚು ಬಡಿದು ಹಾರಿದಾಗಲೆಲ್ಲ
ಆಲ್ಬರ್ಟ್ ಮೇಷ್ಟ್ರು ನನ್ನ ಕೈಗೆ ಬೈಯುತ್ತಿದ್ದರು.
ಮುಂದೆ ಮೈಸೂರಿನಲ್ಲಿ ಸರಿಯಾದ ರಿಂಗಿನ ಕೆಳಗೆ ನಿಂತೆ:
ಬಾವಿಯ ಬಾಯಿ!
ಎಸೆದದ್ದೆಲ್ಲ ಬಿತ್ತು.

ಅಲ್ಲಿಂದ ಶುರು.
ಹಾಸ್ಟೆಲಿನ ಕಬ್ಬಿಣದ ಮಂಚ, ಮೂರು ವರ್ಷ,
ಸರಳುಗಳ ನಡುವೆ ಪಾದ ತೂರಿಸಿ.
ಗೋರಖಪುರದಲ್ಲಿ ರೈಲ್ವೆ ಕೆಲಸ.
ಹೆಸರಿಗೆ ಟಿಕೆಟ್ ಕಲೆಕ್ಟರು, ಒಂದು ಟಿಕೆಟ್ಟೂ ನೋಡಲಿಲ್ಲ;
ಅಪ್ಪರ್ ಬರ್ತಿನಿಂದ ದಾರಿಗೆ ಚಾಚಿದ ನನ್ನ ಕಾಲಿಗೆ
ತಲೆ ಬಡಿಸಿಕೊಂಡು
ಎಷ್ಟು ಭಾಷೆಗಳಲ್ಲಿ ಬೈದರೋ ಚಹಾದವರು.
ಚೆನ್ನೈ ಬ್ಯಾಂಕಿನ ತಂಡ. ಲಾಡ್ಜು, ಮಂಚದ ತುದಿಗೊಂದು ಕುರ್ಚಿ.
ಮಾಲೆಯಲ್ಲಿ ಒಣಮೀನಿನ ವಾಸನೆಯ ಮೂರನೇ ಮಹಡಿ,
ಎರಡು ಮಂಚ ಜೋಡಿಸಿ ಅಡ್ಡ ಮಲಗಿದರೆ
ನಡುರಾತ್ರಿ ಸಂದಿಗೆ ಜಾರುವ ಸೊಂಟ.
ಬಹರೇನಿನಲ್ಲಿ ನಾಲ್ಕು ತಿಂಗಳ ಆಟ, ಎರಡು ತಿಂಗಳ ಸಂಬಳ.
ಉಳಿದ ಎರಡು ತಿಂಗಳದ್ದು
ಇವತ್ತಿಗೂ ಬರುತ್ತಲೇ ಇದೆ.

ಉಲಾನ್‌ಬಾತರಿನಲ್ಲಿ ಒಂಬತ್ತು ವಾರ ಬೆಂಚು ಕಾಯ್ದೆ.
ಆಡಿದ್ದು ಹನ್ನೊಂದು ನಿಮಿಷ.
ಕಂಬಳಿಯಾಚೆ ಉಳಿದ ಪಾದಗಳು ಬೆಳಗಿನ ಜಾವ
ನನ್ನವಲ್ಲ ಅನ್ನಿಸುತ್ತಿದ್ದವು.
ಒಂದು ರಾತ್ರಿ ಜೊತೆಗಾರ ಬಾತ್‌ಬಾಯರ್
ಮಾತಿಲ್ಲದೆ ಎದ್ದು ಬಂದು
ತನ್ನ ನರಿಚರ್ಮದ ಟೋಪಿಯನ್ನು
ನನ್ನ ಎರಡೂ ಕಾಲಿಗೆ ಸೇರಿಸಿ ತೊಡಿಸಿ ಹೋದ.
ನನ್ನ ಜಾಗಕ್ಕೆ ಕಾಯುತ್ತಿದ್ದವನು ಅವನೇ.

ನಿನ್ನೂರು ಯಾವುದು ಅಂದವರಿಗೆಲ್ಲ
ಕಬ್ಬಿಣ ಮಾಡುವ ಊರು ಅನ್ನುತ್ತಿದ್ದೆ.
ಅಕ್ಕ ಫೋನಿನಲ್ಲಿ 'ಈಗೀಗ ಸೈರನ್ನೂ ಕೇಳಲ್ಲ ಕಣೋ' ಅಂದ ಮೇಲೂ
ಹಾಗೇ ಅನ್ನುತ್ತಿದ್ದೆ.

ಕಠ್ಮಂಡು. ಮೂರನೇ ಕ್ವಾರ್ಟರು.
ಹಾರಿದವನು ಇಳಿದದ್ದು ಬೇರೊಬ್ಬನ ಪಾದದ ಮೇಲೆ.
ಹಸಿ ಬಿದಿರು ಸೀಳಿದ ಸದ್ದು;
ಸದ್ದು ಮೊದಲು ಬಂತು, ನೋವು ಆಮೇಲೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ನನ್ನ ಉದ್ದ ನೋಡಿದ ವಾರ್ಡ್‌ಬಾಯ್
ಆಪರೇಷನ್ ಮೇಜಿನ ತುದಿಯಿಂದ
ಇನ್ನೊಂದು ಹಲಗೆ ಎಳೆದು ಟಕ್ ಅಂತ ಕೂರಿಸಿದ.
ಹಿಮ್ಮಡಿಯೂ ಹಿಡಿಸಿತು. ಪೂರಾ.
ಮೂವತ್ತೇಳು ವರ್ಷಕ್ಕೆ ಮೊದಲ ಸಲ.
ನೂರರಿಂದ ಹಿಂದಕ್ಕೆ ಎಣಿಸಿ ಅಂದರು;
ತೊಂಬತ್ತಾರು ದಾಟಲಿಲ್ಲ, ಅಂಥ ಸುಖ.

ಇನ್ನು ಎಲ್ಲಿಗೂ ಹೋಗುವುದಿಲ್ಲವೆಂದು ಖಾತ್ರಿಯಾದ ಮೇಲೆ
ಮೋನಪ್ಪಾಚಾರರಿಗೆ ಮಂಚ ಹೇಳಿದೆ.
'ಮಲಗ್ತೀನಿ, ಅಳ್ಕೊಳ್ಳಿ' ಅಂದೆ.
'ಬ್ಯಾಡ. ಮಲಗಿದೋರ ಅಳತೆ ತಗಳೋರು ಬ್ಯಾರೆ ಇದಾರೆ.
ನಿಂತ್ಕ.'
ಸ್ಟೂಲು ಹತ್ತಿ ಟೇಪು ಇಳಿಬಿಟ್ಟರು.
ಹೊನ್ನೆ ಮರ, ಏಳಡಿ ನಾಲ್ಕಂಗುಲ.
ಬಾಗಿಲಲ್ಲಿ ತಿರುಗದೆ
ಕಿಟಕಿಯ ಚೌಕಟ್ಟು ಕಿತ್ತು ಒಳತಂದದ್ದಾಯಿತು.

ತಿಂಗಳ ಮೇಲೆ ಬಾಕಿ ಕೇಳಲು ಬಂದವರು
ಮಧ್ಯಾಹ್ನದ ನಿದ್ದೆಯಲ್ಲಿ ನನ್ನ ನೋಡಿದರು:
ಮೊಣಕಾಲು ಹೊಟ್ಟೆಗೆ, ಗದ್ದ ಎದೆಗೆ,
ಸೀಗಡಿ.
'ಥತ್, ಐದಡಿ ಸಾಕಿತ್ತಲ್ಲೋ ಮಾರಾಯ,
ಮರ ದಂಡ ಮಾಡಿಸ್ದೆ.'

ದಂಡವೇನಿಲ್ಲ.
ಕಾಲಿನ ಕಡೆ ಉಳಿದ ಜಾಗದಲ್ಲಿ
ಬ್ಯಾಗು ಮಲಗುತ್ತದೆ,
ಜಿಪ್ಪು ಪೂರ್ತಿ ಎಳೆಯದೆ.